ಮಲಗಿದವರನ್ನು ಎಬ್ಬಿಸುವ ಗಂಟೆ

2013ರ ಅಕ್ಟೋಬರ್ 30ರ ನಸುಕಿನಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಬರುತ್ತಿದ್ದ ವೋಲ್ವೊ ಬಸ್ಸು ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಮೋರಿಯ ಕಟ್ಟೆಗೆ ಬಡಿದು ಹೊತ್ತಿಕೊಂಡಿತು. 45 ಮಂದಿ ಸತ್ತರು. ಎರಡೇ ವಾರದಲ್ಲಿ ಹಾವೇರಿ ಬಳಿ, ಮುಂಬೈಗೆ ಹೊರಟಿದ್ದ ಬಸ್ಸಿನಲ್ಲಿ ಮತ್ತೆ 7 ಮಂದಿ. ಬಸ್ಸಿನ ಬೆಂಕಿಗೆಂದೇ ಎಐಎಸ್-135 ಎಂಬ ಮಾನದಂಡ ರೂಪುಗೊಂಡದ್ದು ಆಮೇಲೆ. ಆದರೆ ಅದರ ಕಣ್ಣಿದ್ದದ್ದು ಎಂಜಿನ್ನಿನ ಮೇಲೆ, ಮಲಗಿದವರ ಮೇಲಲ್ಲ. ಬೆಂಕಿಗಿಂತ ಮೊದಲು ಒಳಗಿನ ಹೊಗೆ ಮತ್ತು ಬಿಸಿಯೇ ಜನರನ್ನು ಕೆಡವುತ್ತದೆಂದು ಒಪ್ಪಿಕೊಂಡ ಕೇಂದ್ರ ಸಾರಿಗೆ ಸಚಿವಾಲಯ, 2022ರ ಜನವರಿ 27ರ ಅಧಿಸೂಚನೆಯಲ್ಲಿ ದೂರಪ್ರಯಾಣದ ಬಸ್ಸು ಮತ್ತು ಶಾಲಾ ಬಸ್ಸುಗಳಲ್ಲಿ ಪ್ರಯಾಣಿಕರು ಕೂರುವ ಭಾಗಕ್ಕೂ ಎಚ್ಚರಿಕೆ ಗಂಟೆ, ಬೆಂಕಿ ತಡೆಯ ವ್ಯವಸ್ಥೆ ಬೇಕೆಂದಿತು.

ಇಷ್ಟಾದರೂ ನಿಯಮದ ಕಥೆ ಅರ್ಧಕ್ಕೇ ನಿಂತಿದೆ ಎಂಬುದು ನನ್ನ ವಾದ. ಉಪಕರಣ ಕೂರಿಸುವುದಕ್ಕೆ ಕಾನೂನಿದೆ, ಅದನ್ನು ದಿನವೂ ನೋಡಿಕೊಳ್ಳುವವರಿಲ್ಲ. ಎಫ್‌ಸಿ (ವಾಹನದ ಅರ್ಹತಾ ಪತ್ರ) ನವೀಕರಣ ಎಂಟು ವರ್ಷದೊಳಗಿನ ವಾಹನಕ್ಕೆ ಎರಡು ವರ್ಷಕ್ಕೊಮ್ಮೆ, ಅನಂತರ ವರ್ಷಕ್ಕೊಮ್ಮೆ. ಹೊಗೆ ಪತ್ತೆ ಸಾಧನ ಅಷ್ಟು ಕಾಲ ಕಾಯುವ ವಸ್ತುವಲ್ಲ. ಅದರ ಪುಟ್ಟ ಗೂಡಿಗೆ ಧೂಳು ಹೊಕ್ಕರೆ ಹೊಗೆಯಿಲ್ಲದೆಯೂ ಕೂಗುತ್ತದೆ. ನಡುರಾತ್ರಿ ನಾಲ್ಕು ಸಲ ಸುಮ್ಮನೆ ಕೂಗಿದ ಗಂಟೆಯ ವೈರನ್ನು ಯಾರಾದರೂ ಕಿತ್ತರೆ ಆಶ್ಚರ್ಯಪಡಬೇಕಿಲ್ಲ. ತಪ್ಪು ಕಿತ್ತವನದಷ್ಟೇ ಅಲ್ಲ, ಶುಚಿಮಾಡುವ ಕೆಲಸವನ್ನು ಯಾರಿಗೂ ವಹಿಸದ ಮಾಲೀಕನದೂ ಹೌದು.

2025ರ ಅಕ್ಟೋಬರ್ 24ರ ದುರಂತವನ್ನು ಮುಂದಿಟ್ಟು ಕೆಲವರು ಆಕ್ಷೇಪ ಎತ್ತಬಹುದು. ಹೈದರಾಬಾದಿನಿಂದ ಬೆಂಗಳೂರಿಗೆ ಹೊರಟ ಸ್ಲೀಪರ್ ಬಸ್ಸು ಕರ್ನೂಲು ಬಳಿಯ ಚಿನ್ನಟೇಕೂರಿನಲ್ಲಿ ರಸ್ತೆಗೆ ಬಿದ್ದಿದ್ದ ಬೈಕನ್ನು ಎಳೆದೊಯ್ದು ಹೊತ್ತಿಕೊಂಡಿತು, ಒಳಗಿದ್ದ 19 ಮಂದಿ ಸತ್ತರು. ಪೆಟ್ರೋಲಿನ ಬೆಂಕಿಗೆ ಗಂಟೆ ಏನು ಮಾಡೀತು ಎಂಬ ಪ್ರಶ್ನೆ ನ್ಯಾಯವಾದದ್ದೇ. ಡಿಕ್ಕಿಯನ್ನು ಯಾವ ಸಾಧನವೂ ತಡೆಯದು. ಆದರೆ ಪರದೆ ಎಳೆದುಕೊಂಡು ಮೇಲಿನ ಬರ್ತಿನಲ್ಲಿ ಮಲಗಿದವರಿಗೆ ಮುಂದಿನ ಬೆಂಕಿ ಕಾಣುವುದಿಲ್ಲ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ನಿದ್ದೆಯನ್ನು ಇನ್ನಷ್ಟು ಗಾಢವಾಗಿಸುತ್ತದೆ. ಗಂಟೆ ಗಳಿಸಿಕೊಡುವುದು ಒಂದೆರಡು ನಿಮಿಷವೇ ಇರಬಹುದು, ತುರ್ತು ಬಾಗಿಲು ತಲುಪಲು ಬೇಕಾದದ್ದೂ ಅಷ್ಟೇ. ಆ ಬಾಗಿಲಿಗೆ ಸಾಮಾನು ಒಟ್ಟಿದ್ದರೆ, ಗಾಜು ಒಡೆಯುವ ಸುತ್ತಿಗೆ ಕಾಣೆಯಾಗಿದ್ದರೆ, ಗಂಟೆ ಬಾರಿಸಿಯೂ ಫಲವಿಲ್ಲ ಎಂಬುದನ್ನು ಒಪ್ಪುತ್ತೇನೆ. ಅದಕ್ಕೇ ಮೂರನ್ನೂ ಒಟ್ಟಿಗೆ ನೋಡಬೇಕು: ಹೈದರಾಬಾದಿನ ಮಿಯಾಪುರದಲ್ಲೋ ಲಕ್ಡಿಕಾಪುಲ್‌ನಲ್ಲೋ ಜನ ಹತ್ತುವ ಮೊದಲೇ ಡ್ರೈವರ್ ಪರೀಕ್ಷಾ ಗುಂಡಿ ಒತ್ತಿ, ಬಾಗಿಲು ತೆರೆದು, ಸುತ್ತಿಗೆ ಮುಟ್ಟಿ ನೋಡಿ, ಟ್ರಿಪ್ ಶೀಟಿನಲ್ಲಿ ಸಹಿ ಹಾಕಲಿ. ಸಹಿಯಿಲ್ಲದ ಬಸ್ಸನ್ನು ಸಾರಿಗೆ ಅಧಿಕಾರಿಗಳು ನಗರದೊಳಗೇ ತಡೆಯಲಿ.