ಬಾಗಿಲು ಒಡೆಯೋ ಅಧಿಕಾರಕ್ಕೆ 40 ಗಂಟೆ ಪಾಠ ಸಾಕಾ?

ಅಮೆರಿಕದಲ್ಲಿ ಜಾಮೀನು ಒಂದು ವ್ಯಾಪಾರ. ಆರೋಪಿ ಸಾಮಾನ್ಯವಾಗಿ ಮೊತ್ತದ ಶೇ 10ರಷ್ಟು ಶುಲ್ಕ ಕಟ್ತಾನೆ, ಖಾಸಗಿ ಕಂಪನಿ ಹೊಣೆ ಹೊರುತ್ತೆ. ಆತ ಕೋರ್ಟಿಗೆ ಬಾರದಿದ್ದರೆ ಹಿಡಿದು ತರೋರೇ 'ಬೌಂಟಿ ಹಂಟರ್'ಗಳು.

1872ರಲ್ಲಿ ಟೇಲರ್–ಟೇಂಟರ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಜಾಮೀನು ನಿಂತವರು ಅಗತ್ಯಬಿದ್ದರೆ ಆರೋಪಿಯ ಮನೆಗೆ ನುಗ್ಗಿ ಹಿಡಿಯಬಹುದು ಎಂದಿತು. ತರಬೇತಿಯ ನಿಯಮ ಬಂದಿದ್ದು ಎಷ್ಟೋ ಕಾಲದ ಮೇಲೆ, ಅದೂ ರಾಜ್ಯಕ್ಕೊಂದು ಥರ. ಕ್ಯಾಲಿಫೋರ್ನಿಯಾದಲ್ಲಿ ಬಂಧನಾಧಿಕಾರದ ಬಗ್ಗೆ 40 ಗಂಟೆಯ ಕೋರ್ಸ್ ಬೇಕು. 2023ರ ಜುಲೈನಿಂದ ಲೈಸೆನ್ಸೂ ಕಡ್ಡಾಯ. ಕೆಂಟಕಿಯಾದರೋ 1976ರಲ್ಲೇ ಈ ವ್ಯಾಪಾರವನ್ನೇ ನಿಷೇಧಿಸಿತು.

ನನ್ನ ಪ್ರಕಾರ ಸರ್ಟಿಫಿಕೇಟ್ ಬೇಕು, ಆದರೆ ಅದೊಂದೇ ಸಾಲದು. ಕಾನೂನು ಕಲಿತ ಏಜೆಂಟ್ ತಪ್ಪು ಮನೆಗೆ ನುಗ್ಗೋದು ಕಡಿಮೆಯಾಗಬಹುದು. ಆದರೆ ಲಾಭಕ್ಕಾಗಿ ದುಡಿಯೋ ಖಾಸಗಿ ವ್ಯಕ್ತಿಗೆ ಬಂಧಿಸೋ ಅಧಿಕಾರ ಯಾಕೆ? ಆ ಪ್ರಶ್ನೆಗೆ ಯಾವ ಕೋರ್ಸಿನಲ್ಲೂ ಉತ್ತರವಿಲ್ಲ.