ಹರಿಹರದ ಷೇರುದಾರ ಮತ್ತು ಪ್ರಕಟಣೆಯ ತತ್ತ್ವ

1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಂಪನಿಯು ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಅದರ ಷೇರುಗಳು ಷೇರುಪೇಟೆಯಲ್ಲಿ ವಹಿವಾಟಾಗುತ್ತಿದ್ದವು. ಹೊಸ ಶತಮಾನದ ಆರಂಭದಲ್ಲಿ ಕಾರ್ಖಾನೆ ಮುಚ್ಚಿತು. ಹಾಗಾದರೆ ಷೇರುಪೇಟೆಯ ಕಾನೂನು ಹೂಡಿಕೆದಾರನಿಗೆ ನೀಡುವ ರಕ್ಷಣೆ ಯಾವ ಬಗೆಯದು?

ಇದಕ್ಕೆ ಉತ್ತರ ಅಮೆರಿಕದ ಶಾಸನಗಳಲ್ಲಿದೆ. 1929ರ ಷೇರುಪೇಟೆ ಕುಸಿತದ ತರುವಾಯ ಬಂದ 1933ರ ಕಾಯಿದೆಯು, ಸಾರ್ವಜನಿಕರಿಗೆ ಷೇರು ಮಾರುವ ಕಂಪನಿ ತನ್ನ ನಿಜಸ್ಥಿತಿಯನ್ನು ಪ್ರಕಟಿಸಬೇಕೆಂದು ವಿಧಿಸಿತು. ಷೇರು ಕೊಳ್ಳಲು ಯೋಗ್ಯವೇ ಎಂಬ ತೀರ್ಪನ್ನು ಸರ್ಕಾರ ಕೊಡುವುದಿಲ್ಲ. 1934ರ ಕಾಯಿದೆಯು ಪೇಟೆಯ ಮೇಲ್ವಿಚಾರಣೆಗೆ ಪ್ರತ್ಯೇಕ ಆಯೋಗವನ್ನು ರಚಿಸಿ, ನಿಯತಕಾಲಿಕ ವರದಿಗಳನ್ನು ಕಡ್ಡಾಯಗೊಳಿಸಿತು.

ಭಾರತದ ಹಾದಿ ಬೇರೆಯಾಗಿತ್ತು. 1947ರ ಬಂಡವಾಳ ನೀಡಿಕೆ ನಿಯಂತ್ರಣ ಕಾಯಿದೆಯನ್ವಯ ಷೇರು ನೀಡಿಕೆಗೆ ಕೇಂದ್ರ ಸರ್ಕಾರದ ಅನುಮತಿ ಬೇಕಿತ್ತು. ಬೆಲೆಯೂ ಅದರ ಹತೋಟಿಯಲ್ಲಿತ್ತು. 1992ರಲ್ಲಿ ಆ ಕಾಯಿದೆ ರದ್ದಾಗಿ, 1988ರಲ್ಲಿ ಆರಂಭವಾಗಿದ್ದ ಸೆಬಿಗೆ ಶಾಸನಬದ್ಧ ಅಧಿಕಾರ ದೊರೆಯಿತು. ಕ್ರಮೇಣ ಇಲ್ಲಿಯೂ ಪ್ರಕಟಣೆಯ ತತ್ತ್ವವೇ ನೆಲೆಗೊಂಡಿತು.

ಆದರೆ ಪ್ರಕಟಣೆಯು ವಂಚನೆಯನ್ನು ತಡೆಯಬಲ್ಲದೇ ಹೊರತು ನಷ್ಟವನ್ನಲ್ಲ. ಕಂಪನಿ ಸಮಾಪನೆಗೊಂಡರೆ ಬೇರೊಂದು ಕಾನೂನು ಅನ್ವಯವಾಗುತ್ತದೆ. 1956ರ ಕಂಪನಿ ಕಾಯಿದೆಯ 529ಎ ವಿಧಿಯು ಕಾರ್ಮಿಕರ ಬಾಕಿಗೆ ಆಧಾರಸಹಿತ ಸಾಲಗಾರರೊಡನೆ ಸಮಾನ ಆದ್ಯತೆ ನೀಡಿತ್ತು. ಷೇರುದಾರನದು ಕಟ್ಟಕಡೆಯ ಸರದಿ. ತಾನು ದುಡಿದ ಕಂಪನಿಯ ಷೇರನ್ನೇ ಹೊಂದಿದ ಕಾರ್ಮಿಕನು ಹೀಗೆ ಒಂದೇ ಸಾಲಿನ ಎರಡು ತುದಿಗಳಲ್ಲಿ ನಿಲ್ಲಬೇಕಾಗುತ್ತದೆ. ಹತ್ತಿ ಗಿರಣಿಗಳು ಮುಚ್ಚಿದ್ದನ್ನೂ ಕಂಡ ದಾವಣಗೆರೆ–ಹರಿಹರ ಪರಿಸರದ ಆರ್ಥಿಕ ಚರಿತ್ರೆಯನ್ನು ಬರೆಯುವವರು ಈ ಎರಡೂ ಕಾನೂನುಗಳನ್ನು ಜೊತೆಯಾಗಿ ಓದಬೇಕಾದುದು ಅಗತ್ಯ.