ಹೆಸರು ಹೇಳದೆ ಬಿಟ್‌ಕಾಯಿನ್ ಕೊಳ್ಳೋಕೆ ಆಗುತ್ತಾ?

ಈ ವಾರ ರೋಣದ ತಮ್ಮ ಒಬ್ಬ ವಾಯ್ಸ್ ಮೆಸೇಜ್ ಕಳಿಸಿದ್ದ: "ಅಣ್ಣಾ, ಪ್ಯಾನ್, ಆಧಾರ್ ಏನೂ ಕೊಡದ ಬಿಟ್‌ಕಾಯಿನ್ ತಗೋಳಾಕ ಬರ್ತೈತಂತ, ಖರೇ ಏನು?" ಗಜೇಂದ್ರಗಡದಿಂದಲೂ ಇದೇ ಪ್ರಶ್ನೆ ಬಂದಿದೆ. ಖರೇ, ಆದರೆ ಅರ್ಧ ಮಾತ್ರ.

ನಮ್ಮ ಕಡೆ ದನದ ಸಂತೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ರೇಟ್ ಮಾತಾಡೋದು ನೋಡಿದ್ದೀರಲ್ಲ? ರೇಟ್ ಆ ಇಬ್ಬರಿಗೇ ಗೊತ್ತು. ಪೀರ್-ಟು-ಪೀರ್ ಕೂಡ ಹಂಗೇ, ಕೊಳ್ಳುವವನಿಗೂ ಮಾರುವವನಿಗೂ ನೇರ ವ್ಯವಹಾರ. ಗುರುತಿಲ್ಲದವನನ್ನು ನಂಬೋದು ಹೇಗೆ ಅಂದರೆ, ಬಿಸ್ಕ್ ಎಂಬ ಸಾಫ್ಟ್‌ವೇರ್ ಒಂದು ಉಪಾಯ ಮಾಡಿದೆ. ಮಾರುವವನ ಕಾಯಿನ್, ಜೊತೆಗೆ ಇಬ್ಬರ ಠೇವಣಿ, ಎಲ್ಲ ಸೇರಿ ಎರಡು ಕೀಲಿಯ ಬೀಗದೊಳಗೆ ಕೂರುತ್ತವೆ. ಒಂದು ಕೀಲಿ ನಿಮ್ಮದು, ಇನ್ನೊಂದು ಅವನದು. ರೂಪಾಯಿ ಮುಟ್ಟಿತು ಅಂತ ಅವನು ಒಪ್ಪಿದ ಮೇಲೆ ಬೀಗ ತೆರೆಯುತ್ತೆ. ಕೆವೈಸಿ ಕೇಳೋ ಆಫೀಸೇ ಇಲ್ಲ. ತಮಾಷೆ ಏನಂದ್ರ, ಆ ಠೇವಣಿಯನ್ನೂ ಬಿಟ್‌ಕಾಯಿನ್‌ನಲ್ಲೇ ಇಡಬೇಕು. ಬಿಟ್‌ಕಾಯಿನ್ ಕೊಳ್ಳೋಕೆ ಮೊದಲು ಬಿಟ್‌ಕಾಯಿನ್ ಬೇಕು!

ಇಲ್ಲಿವರೆಗೆ ಗುಟ್ಟು ಗಟ್ಟಿ. ಸೋರೋದು ರೂಪಾಯಿ ಕಡೆಯಿಂದ. ಯುಪಿಐ ಮಾಡಿದ ಕ್ಷಣ ನಿಮ್ಮ ಹೆಸರು ಅವನ ಫೋನಿನಲ್ಲಿ, ಅವನ ಹೆಸರು ನಿಮ್ಮ ಸ್ಟೇಟ್‌ಮೆಂಟಿನಲ್ಲಿ, ಎರಡೂ ಬ್ಯಾಂಕಿನ ದಾಖಲೆಯಲ್ಲಿ.

ನರಗುಂದದಲ್ಲಿರೋ ನನ್ನ ಡಿಗ್ರಿ ಗೆಳೆಯನಿಗೆ ಆದದ್ದು ಕೇಳಿ. ಒಂದು ಆ್ಯಪ್‌ನಲ್ಲಿ ಪೀರ್-ಟು-ಪೀರ್ ಮೂಲಕ ಯುಎಸ್‌ಡಿಟಿ ಮಾರಿದ, 18,000 ರೂಪಾಯಿ ಬಂತು. ಹದಿನೈದು ದಿನಕ್ಕೆ ಅಕೌಂಟ್ ಫ್ರೀಜ್. ಆ ದುಡ್ಡು ಬೇರೆ ರಾಜ್ಯದಲ್ಲಿ ಯಾರೋ ಆನ್‌ಲೈನ್ ಮೋಸಕ್ಕೆ ಸಿಕ್ಕು ಕಳೆದುಕೊಂಡದ್ದು. ಅವರು ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದಾರೆ. ದುಡ್ಡು ಹೋದ ದಾರಿ ಹಿಡಿದು ಹೊರಟ ಪೊಲೀಸರಿಗೆ ಮೂರನೇ ಅಕೌಂಟ್ ಇವನದು. ಅಪ್ಪನ ಹೆಸರುಕಾಳಿನ ದುಡ್ಡೂ ಅದರಲ್ಲೇ ಇತ್ತು. ಬ್ಯಾಂಕಿನವರು "ಆ ಸ್ಟೇಷನ್ನಿಂದ ಲೆಟರ್ ತರ್ರಿ" ಅಂದರು.

ನಾನು ಕೊಳ್ತೀನಿ ಅಷ್ಟೆ, ಮಾರಲ್ಲ ಅಂತೀರಾ? ಒಂದಿಲ್ಲೊಂದು ದಿನ ರೂಪಾಯಿ ಮಾಡಿಕೊಳ್ಳಲೇಬೇಕಲ್ಲ.

ಪೀರ್-ಟು-ಪೀರ್ ಅಂದ ಮಾತ್ರಕ್ಕೆ ಕಳ್ಳದಾರಿ ಅಲ್ಲ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ಕ್ರಿಪ್ಟೋ ವ್ಯವಹಾರಕ್ಕೆ ಸೇವೆ ಕೊಡಬೇಡಿ ಅಂತ ಬ್ಯಾಂಕುಗಳಿಗೆ ಹೇಳಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಯುನೊಕಾಯಿನ್ ಕಂಪನಿ ಬೆಂಗಳೂರಿನ ಮಾಲ್ ಒಂದರಲ್ಲಿ ಎಟಿಎಂ ಥರದ ಯಂತ್ರ ಇಟ್ಟಾಗ ಪೊಲೀಸರು ಯಂತ್ರ ಜಪ್ತಿ ಮಾಡಿ ಸ್ಥಾಪಕರನ್ನು ಬಂಧಿಸಿದರು. ಬ್ಯಾಂಕ್ ಬಾಗಿಲು ಮುಚ್ಚಿದ್ದ ಆ ದಿನಗಳಲ್ಲಿ ಜನ ನೇರ ವ್ಯವಹಾರಕ್ಕೆ ಇಳಿದರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು.

ಈಗ ಬಿಕಾಂ ಓದಿದವನ ಪಾಠ. 2022ರಿಂದ ಲಾಭದ ಮೇಲೆ ಶೇಕಡಾ 30 ತೆರಿಗೆ. ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯೋ ಹಾಗಿಲ್ಲ. ಜೊತೆಗೆ ಶೇಕಡಾ 1 ಟಿಡಿಎಸ್, ಜುಲೈ 2022ರಿಂದ. ಎಕ್ಸ್‌ಚೇಂಜ್ ಮೂಲಕ ಕೊಂಡರೆ ಅದನ್ನು ಅವರೇ ಹಿಡಿದುಕೊಳ್ಳುತ್ತಾರೆ. ನೇರವಾಗಿ ಕೊಂಡರೆ ಹಿಡಿದು ಕಟ್ಟಬೇಕಾದವರು ಕೊಳ್ಳುವವರು, ಅಂದರೆ ನೀವು! ವ್ಯಾಪಾರ ಇಲ್ಲದ ಸಾಮಾನ್ಯರಿಗೆ ವರ್ಷಕ್ಕೆ 50,000 ರೂಪಾಯಿವರೆಗೆ ವಿನಾಯಿತಿ ಇದೆ. ಅದು ದಾಟಿತೋ, ಮಾರುವವನ ಪ್ಯಾನ್ ಬೇಕು. ಹೆಸರೇ ಹೇಳದವನು ಪ್ಯಾನ್ ಕೊಡ್ತಾನಾ? "ಪ್ರೈವೇಟ್" ಅನ್ನೋದು ಕಾನೂನಿನ ಪ್ರಕಾರ ಮುರಿದು ಬೀಳೋದು ಇಲ್ಲೇ. ಯೂಟ್ಯೂಬ್‌ನಲ್ಲಿ ಇದನ್ನು ಯಾರೂ ಹೇಳಲ್ಲ, ರೆಫರಲ್ ಲಿಂಕ್ ಮಾತ್ರ ಕೊಡ್ತಾರೆ.

ಇಷ್ಟಾದರೂ ಮಾಡ್ತೀನಿ ಅನ್ನೋರು, ಮನೆ ಖರ್ಚಿನ ದುಡ್ಡು ಬರೋ ಅಕೌಂಟನ್ನು ಇದಕ್ಕೆ ಮುಟ್ಟಬೇಡಿ. ಆ್ಯಪ್‌ನಲ್ಲಿರೋ ಹೆಸರು ಒಂದು, ದುಡ್ಡು ಬಂದ ಹೆಸರು ಇನ್ನೊಂದು ಆಗಿದ್ದರೆ ಕಾಯಿನ್ ಬಿಡಬೇಡಿ. ಚಾಟ್, ಆರ್ಡರ್ ನಂಬರ್, ಸ್ಟೇಟ್‌ಮೆಂಟ್ ಎಲ್ಲ ಇಟ್ಟುಕೊಳ್ಳಿ.

ನನ್ನ ಗೆಳೆಯನನ್ನು ಉಳಿಸಿದ್ದು ಆ ಸ್ಕ್ರೀನ್‌ಶಾಟ್‌ಗಳೇ. ತನಿಖಾಧಿಕಾರಿಗೆ ಮೇಲ್ ಮೇಲೆ ಮೇಲ್ ಹಾಕಿ, ನಾಲ್ಕು ತಿಂಗಳಿಗೆ ಅಕೌಂಟ್ ಬಿಡಿಸಿಕೊಂಡ. ಅಷ್ಟರಲ್ಲಿ ಅವರಪ್ಪ ಹಿಂಗಾರಿ ಬಿತ್ತನೆಗೆ ಬಡ್ಡಿ ಸಾಲ ತಂದಿದ್ದರು. ಆ 18,000 ಮಾತ್ರ ಇನ್ನೂ ಹೋಲ್ಡ್‌ನಲ್ಲೇ ಇದೆ.